ಕಬ್ಬಿನ ಟ್ರೇಲರ್‌ಗೆ ಯಾವ ಬ್ರೇಕ್: ಓವರ್‌ರನ್, ಹೈಡ್ರಾಲಿಕ್, ಏರ್?

ಜಮಖಂಡಿ, ಮುಧೋಳ ಭಾಗದಲ್ಲಿ ಫ್ಯಾಕ್ಟರಿಗೆ ಕಬ್ಬು ಸಾಗಿಸುವವರು ಮೊದಲು ನೋಡಬೇಕಾದ್ದು: ಟ್ರೇಲರ್ ಒಂದೋ, ಎರಡೋ? ದಾರಿ ಬಯಲೋ, ಇಳಿಜಾರೋ?

ಖರ್ಚು ಕಡಿಮೆ ಓವರ್‌ರನ್‌ಗೆ. ಟ್ರ್ಯಾಕ್ಟರ್ ನಿಧಾನವಾದಾಗ ಟ್ರೇಲರ್ ಹಿಂದಿನಿಂದ ಒತ್ತುತ್ತದೆ. ಆ ಒತ್ತಿಗೆ ಡ್ರಾಬಾರ್ (ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸುವ ದಂಡ) ಒಳಸರಿದು ಬ್ರೇಕ್ ಹಿಡಿಯುತ್ತದೆ. ಪೈಪು, ವಾಲ್ವ್ ಬೇಡ. ಆದರೆ ರಿವರ್ಸ್‌ನಲ್ಲೂ ಹಿಡಿಯುತ್ತದೆ, ಅದಕ್ಕೆ ಆಗ ಡ್ರಾಬಾರ್ ಒಳಸರಿಯದಂತೆ ಲಾಕ್ ಪಿನ್ ಹಾಕಬೇಕು. ಆ ಪಿನ್ ತೆಗೆಯದೆ ರಸ್ತೆಗಿಳಿದರೆ ಬ್ರೇಕೇ ಇಲ್ಲ! ಉದ್ದ ಇಳಿಜಾರಿನಲ್ಲಿ ಬಿಡದೆ ಹಿಡಿದು ಬ್ರೇಕ್ ಡ್ರಮ್ ಕಾದು ಬಿಸಿಯಾಗುತ್ತದೆ. ಬಯಲು ದಾರಿ, ಒಂದೇ ಟ್ರೇಲರ್, ಹಗುರ ಲೋಡು ಇದ್ದವರಿಗೆ ಸಾಕು.

ಟ್ರ್ಯಾಕ್ಟರಿಗೆ ಟ್ರೇಲರ್ ಬ್ರೇಕ್ ವಾಲ್ವ್ ಇದ್ದರೆ ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಹಾಕಿಸಿ. ಪೆಡಲ್ ತುಳಿದಷ್ಟೇ ಹಿಡಿತ, ಅದೇ ಇದರ ಸುಖ. ರವದಿ (ಕಬ್ಬಿನ ಒಣ ಗರಿ), ಧೂಳು ಹೋಸ್ ಜೋಡಿಸುವ ಕಪ್ಲಿಂಗ್‌ಗೆ ಹೊಕ್ಕರೆ ಸೀಲ್ ಹೋಗಿ ಎಣ್ಣೆ ಸೋರುತ್ತದೆ. ಪ್ರತಿ ಸಲ ಒರೆಸಿಯೇ ಜೋಡಿಸಿ. ಒಂದೇ ಲೈನಿನದಾದರೆ ಹೋಸ್ ಕಿತ್ತಾಗ ಟ್ರೇಲರ್ ಬ್ರೇಕ್ ಪೂರ್ತಿ ಹೋಗುತ್ತದೆ.

ಎರಡು ಟ್ರೇಲರ್ ಎಳೆಯುವವರು, ಗೋಕಾಕ ಕಡೆಯ ಏರಿಳಿತದಲ್ಲಿ ಓಡಾಡುವವರು ದುಬಾರಿಯಾದರೂ ಏರ್ ಬ್ರೇಕ್‌ಗೇ ಹೋಗಲಿ. ಗಾಳಿ ಒತ್ತುವ ಕಂಪ್ರೆಸರ್, ಅದನ್ನು ಹಿಡಿದಿಡುವ ಟ್ಯಾಂಕ್ ಎರಡೂ ಬೇಕು. ಎರಡು ಲೈನಿನದನ್ನೇ ಕೇಳಿ: ಗಾಳಿ ಪೂರೈಸುವ ಕೆಂಪು ಹೋಸ್ ಕಿತ್ತರೆ ಬ್ರೇಕ್ ತಾನಾಗಿ ಹಿಡಿಯುತ್ತದೆ. ಗಾಳಿಯ ತೇವದಿಂದ ಟ್ಯಾಂಕಿನಲ್ಲಿ ಸೇರುವ ನೀರನ್ನು ದಿನಾ ಹೊರಬಿಡಬೇಕು, ಇಲ್ಲದಿದ್ದರೆ ವಾಲ್ವ್ ತುಕ್ಕು ಹಿಡಿಯುತ್ತದೆ.