ಒಬ್ಬರೇ ಇರುವ ಹೆಣ್ಣುಮಕ್ಕಳ ಮನೆಗೆ ಡಿಜಿಟಲ್ ಲಾಕ್: ಮಂಗಳೂರಿನ ಮಳೆಗಾಲ ದಾಟಿದ ಮೇಲೆ

ಬಾಗಿಲಿನ ಮರ ಕೊರೆದು ಒಳಗೆ ಕೂರಿಸುವ ಮಾರ್ಟೈಸ್ ಮಾದರಿಯ ಡಿಜಿಟಲ್ ಲಾಕ್ ಇದು. ಬೆರಳಚ್ಚು, ಗುಪ್ತಸಂಖ್ಯೆ, ಕಾರ್ಡು, ಜೊತೆಗೆ ಮಾಮೂಲಿ ಕೀಲಿ. ನಾಲ್ಕು ಎಎ ಸೆಲ್ಲುಗಳಲ್ಲಿ ನಡೆಯುತ್ತದೆ. ಬಿಜೈಯ ಫ್ಲ್ಯಾಟೊಂದರ ಮರದ ಬಾಗಿಲಿನಲ್ಲಿ ಸೆಖೆಯನ್ನೂ ಮಳೆಯನ್ನೂ ಸಾಕಷ್ಟು ಕಂಡಿದೆ.

ಕೊಳ್ಳಬಹುದೇ ಎಂದರೆ, ಹೌದು. ಆದರೆ ಬಾಗಿಲು, ಅದರ ಚೌಕಟ್ಟಾದ ದಾರಂದ ಗಟ್ಟಿಯಿಲ್ಲದಿದ್ದರೆ ಮೊದಲ ದುಡ್ಡು ಆಚಾರಿಯವರಿಗೆ ಹೋಗಲಿ, ಲಾಕ್ ಆಮೇಲೆ. ನಮ್ಮ ಕಡೆ ಈ ಲಾಕುಗಳು ತೊಂದರೆ ಕೊಡುವುದು ಹೆಚ್ಚಾಗಿ ಮರ ಉಬ್ಬುವುದರಿಂದ.

ಜೂನ್ ಕೊನೆಗೆ ಬಾಗಿಲು ನೀರು ಹೀರಿ ಉಬ್ಬುತ್ತದೆ. ಆಗ ಲಾಕಿನ ನಾಲಗೆ ದಾರಂದದಲ್ಲಿರುವ ಲೋಹದ ಪಟ್ಟಿಯ ತೂತಿಗೆ ನೇರವಾಗಿ ಹೋಗದೆ ಅಂಚಿಗೆ ತಾಗುತ್ತದೆ. ಪೂರ್ತಿ ಆಟೋಮ್ಯಾಟಿಕ್ ಲಾಕಿನಲ್ಲಿ ನಾಲಗೆಯನ್ನು ತಳ್ಳುವುದು ಸಣ್ಣ ಮೋಟಾರು. ಅದು ಒದ್ದಾಡುತ್ತದೆ, ಬೀಪ್ ಹೊಡೆಯುತ್ತದೆ, ಸೆಲ್ ಬೇಗ ಮುಗಿಸುತ್ತದೆ. ಹಿಡಿಕೆಯನ್ನು ಕೈಯಲ್ಲಿ ತಿರುಗಿಸುವ ಮಾದರಿಯಲ್ಲಿ ಬಾಗಿಲನ್ನು ತುಸು ಎಳೆದು ಹಿಡಿದರೆ ಕೆಲಸ ಸಾಗುತ್ತದೆ. ಕರಾವಳಿಗೆ ಈ ಎರಡನೆಯದೇ ಸರಿ.

ನಾಲಗೆ ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಅದರ ತುದಿಗೆ ಒಂದಿಷ್ಟು ಕುಂಕುಮ ಹಚ್ಚಿ ಬಾಗಿಲು ಹಾಕಿ ತೆಗೆಯಿರಿ. ಪಟ್ಟಿಯ ಮೇಲೆ ಗುರುತು ಬಿದ್ದ ಕಡೆ ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿದರೆ ಸಾಕು. ಬಾಗಿಲಿಗೆ ಕೀಸುಳಿ ಹಾಕಿಸುವ ಅವಸರ ಬೇಡ. ಮಳೆಗಾಲದಲ್ಲಿ ಕೀಸಿದ ಬಾಗಿಲು ಜನವರಿಯಲ್ಲಿ ಒಣಗಿ ಸಂದು ಬಿಡುತ್ತದೆ, ಆ ಸಂದಿನಲ್ಲಿ ಸ್ಕ್ರೂಡ್ರೈವರ್ ತೂರುತ್ತದೆ. ಇನ್ನೊಂದು ಸಂಗತಿ ಫಿಟ್ಟಿಂಗಿಗೆ ಬರುವವರು ಹೇಳುವುದಿಲ್ಲ: ಲಾಕಿಗಾಗಿ ಕೊರೆದ ಗುಳಿಯಲ್ಲಿ ಬಣ್ಣವಿಲ್ಲದ ಮರ ಬಯಲಾಗಿರುತ್ತದೆ, ಬಾಗಿಲಿನ ಅಡಿಯಂಚಿಗೂ ಸಾಮಾನ್ಯವಾಗಿ ಯಾರೂ ಬಣ್ಣ ಹಚ್ಚಿರುವುದಿಲ್ಲ. ಎರಡಕ್ಕೂ ವಾರ್ನಿಶ್ ಹೊಡೆಸಿ, ಒಣಗಿದ ಮೇಲೆ ಲಾಕ್ ಕೂರಿಸಲು ಹೇಳಿ. ಉಬ್ಬುವುದು ಎದ್ದುಕಾಣುವಷ್ಟು ಕಡಿಮೆಯಾಗುತ್ತದೆ.

ದಾರಂದದ ಪಟ್ಟಿಗೆ ಪೆಟ್ಟಿಗೆಯಲ್ಲಿ ಬರುವ ಸ್ಕ್ರೂ ಗಿಡ್ಡ. ಬಾಗಿಲಿಗೆ ಒದ್ದರೆ ಮೊದಲು ಕಿತ್ತುಬರುವುದು ಆ ಪಟ್ಟಿಯೇ, ಲಾಕ್ ಎಷ್ಟೇ ದುಬಾರಿಯದಾಗಿರಲಿ. 65ರಿಂದ 75 ಮಿಲಿಮೀಟರಿನ ಸ್ಟೀಲ್ ಸ್ಕ್ರೂ ಹಾಕಿಸಿ. ಕೆಂಪುಕಲ್ಲಿನ ಹಳೆ ಮನೆಯಾದರೆ ದಾರಂದವನ್ನು ಎರಡೂ ಕೈಯಿಂದ ಅಲುಗಿಸಿ ನೋಡಿ. ಅಲುಗಿದರೆ ದಾರಂದವನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ, ಅಂದರೆ ಹೋಲ್ಡ್‌ಫಾಸ್ಟ್, ಸಡಿಲವಾಗಿದೆ ಎಂದರ್ಥ. ಕೆಂಪುಕಲ್ಲು ಮೆದು, ತೂತು ತೂತು. ಪ್ಲಾಸ್ಟಿಕ್ ಪ್ಲಗ್ ಅದರಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಗಾರೆಯವರನ್ನು ಕರೆಸಿ ಸಿಮೆಂಟು ತುಂಬಿಸಲೇಬೇಕು.

ಸೆಲ್ ಆಲ್ಕಲೈನ್ ಆಗಿರಲಿ. ರೀಚಾರ್ಜ್ ಸೆಲ್ ಒಂದಕ್ಕೆ 1.2 ವೋಲ್ಟ್, ನಾಲ್ಕು ಸೇರಿದರೆ 4.8, ಲಾಕ್ ಬಯಸುವುದು 6. ಹೊಸದಾಗಿ ಚಾರ್ಜ್ ಮಾಡಿ ಹಾಕಿದರೂ ಸೆಲ್ ಮುಗಿಯಿತು ಎಂದು ಕೂಗಬಹುದು. ಮೇ ಕೊನೆಯಲ್ಲಿ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಹಳತು ಹೊಸತು ಬೆರೆಸಬೇಡಿ. ಪೂರ್ತಿ ಖಾಲಿಯಾದರೆ ಹೊರಗಿನಿಂದ ಕರೆಂಟು ಕೊಡಲು ಕೆಲವದರಲ್ಲಿ ಟೈಪ್ ಸಿ ತೂತು, ಕೆಲವದರಲ್ಲಿ 9 ವೋಲ್ಟ್ ಬ್ಯಾಟರಿ ಮುಟ್ಟಿಸುವ ಎರಡು ಬಿಂದು ಇರುತ್ತವೆ. ಟೈಪ್ ಸಿ ಇರುವುದನ್ನೇ ಕೊಳ್ಳಿ. ಪವರ್ ಬ್ಯಾಂಕ್ ಹೇಗೂ ಬ್ಯಾಗಿನಲ್ಲಿರುತ್ತದೆ.

ಕೀಲಿಯನ್ನು ತಿಂಗಳಿಗೊಮ್ಮೆ ಹಾಕಿ ತಿರುಗಿಸಿ. ಸುರತ್ಕಲ್, ಉಳ್ಳಾಲ, ಮಲ್ಪೆಯಂಥ ಕಡೆ ಉಪ್ಪು ಗಾಳಿಗೆ, ಬಳಸದ ಕೀಲಿತೂತು ಕಚ್ಚಿಕೊಳ್ಳುತ್ತದೆ. ಬೇಕಾದ ದಿನ ತಿರುಗುವುದಿಲ್ಲ. ಅಡುಗೆ ಎಣ್ಣೆ, ತೆಂಗಿನೆಣ್ಣೆ ಬಿಡಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಸಾಕು. ಹೊರಗಿನ ಹಿಡಿಕೆಯನ್ನು ವಾರಕ್ಕೊಮ್ಮೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸದಿದ್ದರೆ ಲೇಪನ ಗುಳ್ಳೆ ಏಳುತ್ತದೆ.

ಬೆರಳಚ್ಚು ಒದ್ದೆ ಕೈಯನ್ನು ಒಪ್ಪುವುದಿಲ್ಲ. ಕೊಡೆ ಮಡಚಿ ಕತ್ತಲ ವರಾಂಡದಲ್ಲಿ ನಿಂತವರಿಗೆ ಇದು ಸಣ್ಣ ವಿಷಯವಲ್ಲ. ಒಂದೇ ಬೆರಳನ್ನು ಮೂರು ಸಲ ದಾಖಲಿಸಿ: ಒಣಗಿದ್ದಾಗ, ನೀರಲ್ಲಿ ನೆನೆದು ಸುಕ್ಕಾಗಿ ಒರೆಸಿದ ಮೇಲೆ, ಓರೆಯಾಗಿ ಇಟ್ಟು. ಎಡಗೈಯದೂ ಒಂದಿರಲಿ, ಬಲಗೈಯಲ್ಲಿ ಚೀಲವಿದ್ದಾಗ ಬೇಕಾಗುತ್ತದೆ. ಸಂಖ್ಯೆ ಒತ್ತುವಾಗ ಹಿಂದೆ ಮುಂದೆ ಸುಳ್ಳು ಅಂಕಿ ಸೇರಿಸಲು ಹೆಚ್ಚಿನ ಮಾದರಿಗಳು ಬಿಡುತ್ತವೆ. ಪಕ್ಕದಲ್ಲಿ ಯಾರಿದ್ದರೂ ಹಾಗೆಯೇ ಒತ್ತುವುದನ್ನು ರೂಢಿ ಮಾಡಿಕೊಳ್ಳಿ.

ಫಿಟ್ಟಿಂಗ್ ಮುಗಿದ ದಿನವೇ, ಬಂದವರು ಹೊರಟ ಕೂಡಲೇ, ಲಾಕನ್ನು ಫ್ಯಾಕ್ಟರಿ ಸ್ಥಿತಿಗೆ ತಂದು ಮಾಸ್ಟರ್ ಸಂಖ್ಯೆಯನ್ನು ನೀವೇ ಹೊಸದಾಗಿ ಇಡಿ. ಪರೀಕ್ಷೆಗೆಂದು ಅವರು ಇಟ್ಟ ಬೆರಳಚ್ಚು ಒಳಗೇ ಉಳಿದಿರಬಹುದು. ಆ್ಯಪ್ ನಿಮ್ಮದೇ ನಂಬರಿನಲ್ಲಿರಲಿ, ಅಂಗಡಿಯವರದಲ್ಲಿ ಬೇಡ. ಕೆಲಸದವರಿಗೆ ಬೇರೆ ಸಂಖ್ಯೆ ಕೊಡಿ, ಬಿಟ್ಟುಹೋದ ದಿನ ಅಳಿಸಿ. ದೂರದಿಂದ ಬಾಗಿಲು ತೆರೆಯುವ ವೈಫೈ ಸೌಲಭ್ಯ ಆಫ್ ಇದ್ದರೆ ಕಳೆದುಕೊಳ್ಳುವುದು ಏನೂ ಇಲ್ಲ.

ರಾತ್ರಿ ಒಳಗಿನಿಂದ ಹಾಕುವ ಡಬಲ್ ಲಾಕ್ ಬಗ್ಗೆ ಯೋಚಿಸಿಯೇ ನಿರ್ಧರಿಸಬೇಕು. ಅದನ್ನು ಹಾಕಿದರೆ ಹೊರಗಿನ ಬೆರಳಚ್ಚು, ಸಂಖ್ಯೆ ನಡೆಯುವುದಿಲ್ಲ. ಮೇಲೆ ಕೆಳಗೆ ಚಿಲಕ, ಅದರ ಮೇಲೆ ಅಗುಳಿ ಹಾಕಿ ಮಲಗುವವರೂ ಇದ್ದಾರೆ. ಕಾರಣ ಅರ್ಥವಾಗುತ್ತದೆ. ಆದರೆ ನಡುರಾತ್ರಿ ಜ್ವರ ಏರಿ ಎದ್ದು ಬರಲಾಗದಿದ್ದರೆ ಪಕ್ಕದ ಮನೆ ಅಕ್ಕ ಕೀಲಿ ಹಿಡಿದುಕೊಂಡೇ ಹೊರಗೆ ನಿಲ್ಲಬೇಕಾಗುತ್ತದೆ. ಡಬಲ್ ಲಾಕ್ ಹಾಕಿದ್ದರೂ ಮಾಮೂಲಿ ಕೀಲಿಗೆ ತೆರೆಯುವ ಮಾದರಿಗಳಿವೆ. ಅಂಥದನ್ನು ಆರಿಸಿ, ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಾಡಿ ತೋರಿಸಲು ಹೇಳಿ, ಒಂದು ಕೀಲಿ ನಂಬುವವರ ಕೈಯಲ್ಲಿರಲಿ. ಒಳಗಿನಿಂದ ಹೊರಬರಲು ಮಾತ್ರ ಕೀಲಿ ಬೇಕಾಗಬಾರದು; ಬೆಂಕಿ ಬಿದ್ದಾಗ ಹಿಡಿಕೆ ಒತ್ತಿದರೆ ಬಾಗಿಲು ತೆರೆಯಬೇಕು.

ಹಂಚಿನ ಮನೆಯಾದರೆ ಮುಂಬಾಗಿಲಿಗೆ ಇಷ್ಟು ಖರ್ಚು ಮಾಡುವ ಮೊದಲು ಹಿಂಬಾಗಿಲನ್ನೂ ಮಾಡನ್ನೂ ನೋಡಿ. ಹಂಚು ಸರಿಸಿ ಇಳಿಯುವುದು ಬಾಗಿಲು ಮುರಿಯುವುದಕ್ಕಿಂತ ಸುಲಭ. ಹಂಚಿನಡಿ ರೀಪಿಗೆ ದಪ್ಪ ಕಬ್ಬಿಣದ ಜಾಲರಿ ಬಡಿಸಿದರೆ ಆ ದಾರಿ ಮುಚ್ಚುತ್ತದೆ.

ಲಾಕಿನ ಅಲಾರಂ ಕೂಗುವುದು ವರಾಂಡದವರೆಗೆ ಮಾತ್ರ, ಪೊಲೀಸರಿಗೆ ತಾನಾಗಿ ತಿಳಿಯುವುದಿಲ್ಲ. 112ಕ್ಕೆ ನೀವೇ ಕರೆ ಮಾಡಬೇಕು. ಪವರ್ ಬಟನ್ ಕೆಲವು ಫೋನುಗಳಲ್ಲಿ ಮೂರು ಸಲ, ಕೆಲವದರಲ್ಲಿ ಐದು ಸಲ ಒತ್ತಿದರೆ ತುರ್ತು ಕರೆ ಹೋಗುತ್ತದೆ. ನಿಮ್ಮದರಲ್ಲಿ ಹೇಗೆಂದು ಸೆಟ್ಟಿಂಗ್ಸಿನಲ್ಲಿ ಇವತ್ತೇ ನೋಡಿಡಿ. ವಿಳಾಸ ಹೇಳುವಾಗ ಡೋರ್ ನಂಬರಿನ ಜೊತೆ ಮನೆಯ ಹೆಸರು, ಹತ್ತಿರದ ದೇವಸ್ಥಾನ ಅಥವಾ ಬಸ್ ಸ್ಟಾಪ್ ಹೇಳಿ.

ಬಾಡಿಗೆ ಮನೆಯವರು ಕೊರೆಯುವ ಮೊದಲು ಮಾಲಕರಿಂದ ವಾಟ್ಸಾಪಿನಲ್ಲಾದರೂ ಬರಹದ ಒಪ್ಪಿಗೆ ಪಡೆಯಿರಿ. ಅವರು ಒಪ್ಪದಿದ್ದರೆ ಬಾಗಿಲಿನ ಒಳಮೈಗೆ ಕೂರಿಸುವ ರಿಮ್ ಮಾದರಿ ಇದೆ, ಅದಕ್ಕೆ ದೊಡ್ಡ ಗುಳಿ ಬೇಕಿಲ್ಲ. ತೆಗೆದ ಹಳೆ ಲಾಕನ್ನು ಕೀಲಿ, ಸ್ಕ್ರೂ ಸಮೇತ ಡಬ್ಬಿಯಲ್ಲಿ ಕಟ್ಟಿಡಿ. ಮನೆ ಬಿಡುವಾಗ ಅದನ್ನೇ ಮತ್ತೆ ಕೂರಿಸಿ ಕೊಡಬೇಕು.