ಲಕ್ಷದ್ವೀಪ: ಹಡಗಿನಲ್ಲೋ, ವಿಮಾನದಲ್ಲೋ?

ಬೆಂಗಳೂರಿನಿಂದ ಹೊರಡುವವರು ಮೊದಲು ನೋಡಬೇಕಾದ್ದು ದ್ವೀಪದಲ್ಲಿ ಸಿಗುವ ಸಮಯ. ಕೊಚ್ಚಿಯಿಂದ ಹೋಗುವ ಹಡಗಿನ ಪ್ಯಾಕೇಜಿನಲ್ಲಿ ಹಗಲು ದ್ವೀಪ, ರಾತ್ರಿ ಹಡಗು. ದೊಡ್ಡ ಹಡಗು ಹವಳದ ದಿಬ್ಬ ದಾಟಿ ಒಳಗೆ ಬರಲಾಗದು. ಆಳ ನೀರಿನಲ್ಲೇ ನಿಲ್ಲುತ್ತದೆ. ಅಲೆಗೆ ಏರಿಳಿಯುವ ಸಣ್ಣ ದೋಣಿಗೆ ನೀವು ಹಡಗಿನ ಪಕ್ಕದ ಬಾಗಿಲಿನಿಂದ ಕಾಲಿಡಬೇಕು. ಮಂಡಿನೋವಿನ ಅಜ್ಜಿ ಜೊತೆಗಿದ್ದರೆ ಇದು ನಿಜಕ್ಕೂ ಕಷ್ಟ. ಅಲೆ ಜೋರಾದರೆ ಇಳಿಯುವುದೇ ರದ್ದಾಗಬಹುದು. ಸಂಜೆಯ ಕೊನೆಯ ದೋಣಿ ತಪ್ಪಿಸಲೇಬೇಡಿ.

ವಿಮಾನ ನಿಲ್ದಾಣವಿರುವ ಅಗತ್ತಿ ದ್ವೀಪಕ್ಕೆ ವಿಮಾನದಲ್ಲಿ ಹೋದರೆ ಈ ಪಾಡಿಲ್ಲ. ಬೆಳಗಿನ ನಿಶ್ಚಲ ನೀರು, ಸಂಜೆಯ ಲಗೂನು (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು), ಎರಡೂ ನಿಮ್ಮದೇ. ಆದರೆ ಟಿಕೆಟ್, ವಸತಿ, ಊಟ ಬೇರೆ ಬೇರೆ ಲೆಕ್ಕ. ಪ್ರವೇಶ ಅನುಮತಿಯನ್ನೂ ಮೊದಲೇ ಮಾಡಿಸಬೇಕು. ಹಡಗಿನಲ್ಲಿ ಇವೆಲ್ಲ ಸಾಮಾನ್ಯವಾಗಿ ಒಂದೇ ದರದಲ್ಲಿ ಸೇರಿರುತ್ತವೆ.

ಮಿನಿಕಾಯ್‌ನ 1885ರ ದೀಪಸ್ತಂಭ, ಕವರತ್ತಿ, ಕಲ್ಪೇನಿ, ಹೀಗೆ ಹಲವು ದ್ವೀಪ ನೋಡುವ ಆಸೆಯಿದ್ದರೆ ಹಡಗು. ಈಜು, ಸ್ನಾರ್ಕ್ಲಿಂಗ್, ಬಿಡುವು ಬೇಕಿದ್ದರೆ ವಿಮಾನ. ವಾಂತಿಯ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಿ, ತಲೆ ಸುತ್ತಿದ ಮೇಲೆ ಅದು ಅಷ್ಟಾಗಿ ಕೆಲಸ ಮಾಡದು. ಹಡಗಾಗಲಿ, ವಿಮಾನವಾಗಲಿ, ರಬ್ಬರ್ ಶೂ ಬೇಕು, ಹವಳ ಕಾಲು ಕೊಯ್ಯುತ್ತದೆ. ಅದರ ಮೇಲೆ ನಿಲ್ಲಲೂ ಬೇಡಿ, ಅದು ಜೀವಂತ.