ಹಗುರವಾದ ಜೇಬುಚಾಕು: ತೂಕ ಎಲ್ಲಿಂದ ಇಳಿದಿದೆ ಎಂದು ನೋಡಿ

ನಾನು ಮೊದಲು ಕೊಂಡ ಮಡಚುವ ಚಾಕು 160 ಗ್ರಾಂ ತೂಗುತ್ತಿತ್ತು. ಉಕ್ಕಿನ ಹಿಡಿ, ನಾಲ್ಕು ಮಿಲಿಮೀಟರ್ ದಪ್ಪದ ಅಲಗು. ಅಂಗೈಯಲ್ಲಿಟ್ಟುಕೊಂಡರೆ ಬಹಳ ಭದ್ರವಾದ ವಸ್ತು ಎನಿಸುತ್ತಿತ್ತು. ಆದರೆ ನಡೆಯುವಾಗ ಅದು ಪ್ಯಾಂಟಿನ ಜೇಬನ್ನು ಒಂದು ಬದಿಗೆ ಜಗ್ಗುತ್ತಿತ್ತು, ಕುಳಿತಾಗ ತೊಡೆಗೆ ಒತ್ತುತ್ತಿತ್ತು, ಮೂರು ತಿಂಗಳು ಕಳೆಯುವಷ್ಟರಲ್ಲಿ ಮೇಜಿನ ಖಾನೆ ಸೇರಿತು. ಪೆಟ್ಟಿಗೆಯೊಂದನ್ನು ಬಿಚ್ಚಬೇಕಾದಾಗ ಚಾಕು ಮನೆಯಲ್ಲಿರುತ್ತಿತ್ತು, ನಾನು ಹೊರಗಿರುತ್ತಿದ್ದೆ. ಆಮೇಲಿನ ವರ್ಷಗಳಲ್ಲಿ ಒಪಿನೆಲ್ ನಂಬರ್ 8, ಬೆಂಚ್‌ಮೇಡ್ ಬಗ್‌ಔಟ್ ಮತ್ತು ವಿಕ್ಟೋರಿನಾಕ್ಸ್ ಕ್ಯಾಡೆಟ್ ಎಂಬ ಮೂರು ಹಗುರ ಚಾಕುಗಳನ್ನು ಸರದಿಯ ಮೇಲೆ ಜೇಬಿನಲ್ಲಿಟ್ಟುಕೊಂಡು ದಿನನಿತ್ಯ ಬಳಸಿದ್ದೇನೆ. ಮೂರೂ ಸುಮಾರು ಐವತ್ತು ಗ್ರಾಮಿನ ಆಸುಪಾಸಿನವು. ಆದರೆ ಮೂರೂ ಹಗುರವಾಗಿರುವ ಬಗೆ ಬೇರೆ ಬೇರೆ, ಮತ್ತು ಕೊಳ್ಳುವವರು ತಕ್ಕಡಿಯ ಅಂಕಿಗಿಂತ ಮೊದಲು ನೋಡಬೇಕಾದದ್ದು ಆ ಬಗೆಯನ್ನೇ ಎಂಬುದು ಇಷ್ಟು ದಿನದ ಬಳಕೆಯಿಂದ ನನಗೆ ಮನದಟ್ಟಾಗಿದೆ.

ಚಾಕುವಿನ ಭಾರದಲ್ಲಿ ಹೆಚ್ಚಿನ ಪಾಲು ಇರುವುದು ಅಲಗಿನಲ್ಲಲ್ಲ, ಹಿಡಿಯಲ್ಲಿ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಟೈಟಾನಿಯಂ 4.5 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತವೆ. ಗಾಜಿನ ಎಳೆ ಬೆರೆಸಿದ ನೈಲಾನ್ ಅದಕ್ಕಿಂತಲೂ ಹಗುರ, ಒಣಗಿದ ಬೀಚ್ ಮರವಂತೂ ನೀರಿನಲ್ಲಿ ತೇಲುತ್ತದೆ. ಆದ್ದರಿಂದ ಹಿಡಿಯ ವಸ್ತುವನ್ನು ಬದಲಿಸಿ ತೂಕ ಇಳಿಸುವುದು ಸರಿಯಾದ ದಾರಿ. ಹಿಡಿಯ ದಪ್ಪವನ್ನೇ ಕೆತ್ತಿ ಹಾಕುವುದು, ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಲಾಕಿನ ತಗಡನ್ನು ತೆಳುಮಾಡುವುದು ತಪ್ಪು ದಾರಿ. ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ದಪ್ಪ ರಟ್ಟಿನ ಹತ್ತು ಹದಿನೈದು ಪೆಟ್ಟಿಗೆಗಳನ್ನು ಒಂದೇ ಸಮನೆ ಕೊಯ್ದು ಮಡಚಿ ಕಟ್ಟಿದ ಮೇಲೆ ಅಂಗೈ ಬಿಚ್ಚಿ ನೋಡಿಕೊಳ್ಳಬೇಕು. ಹಿಡಿ ತೀರ ತೆಳುವಾಗಿದ್ದರೆ ಅದರ ಅಂಚಿನ ಗೆರೆ ಮತ್ತು ಜೇಬಿಗೆ ಸಿಕ್ಕಿಸುವ ಕ್ಲಿಪ್ಪಿನ ಗುರುತು ಕೆಂಪಗೆ ಮೂಡಿರುತ್ತವೆ.

ಲಾಕಿನ ಮಾತು ನನ್ನ ಮಟ್ಟಿಗೆ ಬರಿಯ ತಾಂತ್ರಿಕ ವಿಷಯವಲ್ಲ. ಈ ಮೂರಕ್ಕೂ ಮೊದಲು, ಹೆಸರು ಹೇಳಲು ಇಷ್ಟಪಡದ ಒಂದು ತಯಾರಕರ ಬಲು ಹಗುರವಾದ ಲೈನರ್ ಲಾಕ್ ಚಾಕು ನನ್ನ ಬಳಿ ಇತ್ತು. ಲೈನರ್ ಲಾಕ್ ಎಂದರೆ ಹಿಡಿಯ ಒಳಮೈಯಲ್ಲಿರುವ ಲೋಹದ ತಗಡೊಂದು, ಅಲಗು ಪೂರ್ತಿ ತೆರೆದಾಗ ಪಕ್ಕದಿಂದ ಸರಿದು ಬಂದು ಅಲಗಿನ ಬುಡಕ್ಕೆ ಆತು ನಿಲ್ಲುವ ವ್ಯವಸ್ಥೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಮೊನೆಯಿಂದ ತೂತು ಮಾಡಲು ಒತ್ತುತ್ತಿದ್ದಾಗ ಆ ತಗಡು ಜಾರಿತು, ಅಲಗು ಮಡಚಿಕೊಂಡು ತೋರುಬೆರಳಿನ ಮೇಲೆ ಕುಳಿತಿತು. ಎರಡು ಹೊಲಿಗೆ ಬಿದ್ದವು. ಆಮೇಲೆ ಬೆಳಕಿಗೆ ಹಿಡಿದು ನೋಡಿದರೆ, ಕಾಗದಕ್ಕಿಂತ ಸ್ವಲ್ಪ ದಪ್ಪವೆನ್ನಬಹುದಾದ ಆ ತಗಡು ಅಲಗಿನ ಬುಡದ ಮೂಲೆಯನ್ನಷ್ಟೇ ಮುಟ್ಟುತ್ತಿತ್ತು. ಹಾಗಾಗಿ ಈ ಬಗೆಯ ಚಾಕುವನ್ನು ಕೊಳ್ಳುವ ಮೊದಲು ಅಲಗನ್ನು ತೆರೆದು ಬೆನ್ನಿನ ಕಡೆಯಿಂದ ನೋಡಿ, ತಗಡು ಬುಡದ ಅಗಲದಲ್ಲಿ ಮೂರನೇ ಒಂದು ಪಾಲನ್ನಾದರೂ ಆವರಿಸಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು ಬೆನ್ನಿನ ಮೇಲೆ ಮೆಲ್ಲಗೆ ಒತ್ತಿ ನೋಡಿ. ಲಾಕ್ ಸ್ವಲ್ಪ ಅಲುಗಿದರೂ ಆ ಚಾಕು ಬೇಡ.

ಒಪಿನೆಲ್ ಈ ವಿಷಯದಲ್ಲಿ ಎಷ್ಟು ಸರಳವೋ ಅಷ್ಟೇ ಜಾಣತನದ ಚಾಕು. ಫ್ರಾನ್ಸಿನ ಸವೊಯಾ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಹಿಡಿಯೊಳಗೆ ಲೋಹದ ತಗಡೇ ಇಲ್ಲ; ದುಂಡನೆಯ ಮರದ ತುಂಡಿಗೆ ಸೀಳು ಹಾಕಿ ಅಲಗನ್ನು ಕೂರಿಸಿದ್ದಾರೆ. 1955ರಲ್ಲಿ ಸೇರಿಸಿದ ಉಕ್ಕಿನ ಉಂಗುರವನ್ನು ಬೆರಳಿನಿಂದ ತಿರುಗಿಸಿದರೆ ಸೀಳಿನ ಬಾಯಿ ಮುಚ್ಚಿಕೊಂಡು ಅಲಗು ನಿಂತಲ್ಲೇ ನಿಲ್ಲುತ್ತದೆ. ಹಿಡಿ ಅಂಗೈ ತುಂಬುವಷ್ಟು ದಪ್ಪ, ಆದರೂ ಭಾರವಿಲ್ಲ. ನಂಬರ್ 8ರ ಅಲಗಿನ ಉದ್ದ 8.5 ಸೆಂಟಿಮೀಟರ್, ಬೆನ್ನಿನ ದಪ್ಪ ಎರಡು ಮಿಲಿಮೀಟರಿಗೂ ಕಡಿಮೆ. ದಪ್ಪ ಅಲಗಿನಿಂದ ಸೇಬನ್ನು ಕೊಯ್ದರೆ ಅರ್ಧ ದಾರಿಯಲ್ಲಿ ಅದು ಬೆಣೆಯಂತೆ ಹಣ್ಣನ್ನು ಸೀಳಿಬಿಡುತ್ತದೆ, ಹೋಳು ಟಪ್ಪೆಂದು ಸಿಡಿಯುತ್ತದೆ. ಒಪಿನೆಲ್ ಅಲಗು ಮಾತ್ರ ಸದ್ದಿಲ್ಲದೆ ಕೆಳಗಿಳಿದು, ಆಚೆಯ ಬೆಳಕು ಕಾಣುವಷ್ಟು ತೆಳುವಾದ ಹೋಳನ್ನು ಬಿಡಿಸಿ ಕೊಡುತ್ತದೆ. ಹರಿತ ಎಂದು ನಾವು ಕರೆಯುವುದರಲ್ಲಿ ಸಾಣೆಯ ಪಾಲು ಎಷ್ಟಿದೆಯೋ ಅಲಗಿನ ತೆಳುತನದ ಪಾಲೂ ಅಷ್ಟೇ ಇದೆ.

ಇದರ ಮಿತಿಗಳೂ ಮರದಿಂದಲೇ ಬಂದವು. ನೀರು ಕುಡಿದರೆ ಮರ ಉಬ್ಬಿ ಅಲಗನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆಗ ಉಂಗುರವನ್ನು ಸಡಿಲಿಸಿ, ಹಿಡಿಯ ತುದಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿದರೆ ಅಲಗು ಉಗುರಿಗೆ ಸಿಗುವಷ್ಟು ಹೊರಬರುತ್ತದೆ. ಇದು ಸವೊಯಾದವರ ಹಳೆಯ ಉಪಾಯ. ಇನ್ನೊಂದು ಮಾತೆಂದರೆ ಒಪಿನೆಲ್ ಅನ್ನು ಒಂದೇ ಕೈಯಲ್ಲಿ ತೆರೆಯುವುದು ಕಷ್ಟ, ಕ್ಲಿಪ್ಪೂ ಇಲ್ಲದ್ದರಿಂದ ಅದು ಜೇಬಿನ ತಳದಲ್ಲಿ ಅಡ್ಡ ಮಲಗಿರುತ್ತದೆ.

ಒಂದು ಕೈಯಲ್ಲಿ ಹಗ್ಗವನ್ನೋ ಗಂಟನ್ನೋ ಹಿಡಿದು ಇನ್ನೊಂದು ಕೈಯಲ್ಲಿ ಕೊಯ್ಯಬೇಕಾದ ಕೆಲಸದವರಿಗೆ ಬಗ್‌ಔಟ್ ಹೆಚ್ಚು ಒಪ್ಪುತ್ತದೆ. 2017ರಲ್ಲಿ ಬಂದ ಈ ಚಾಕುವಿನ ತೂಕ 52 ಗ್ರಾಂ, ಅಲಗು 82 ಮಿಲಿಮೀಟರ್. ನೈಲಾನ್ ಹಿಡಿಯೊಳಗೆ ಉಕ್ಕಿನ ತಗಡನ್ನು ತಿರುಗುಣಿಯ ಸುತ್ತ, ಅಂದರೆ ಬಲ ಬೀಳುವ ಕಡೆ ಮಾತ್ರ ಹುದುಗಿಸಿದ್ದಾರೆ. ಲಾಕಿಗೆ ತಗಡಿನ ಬದಲು ಸ್ಪ್ರಿಂಗಿನ ಒತ್ತಡದಲ್ಲಿ ಹಿಂದೆ ಮುಂದೆ ಸರಿಯುವ ಅಡ್ಡಕಡ್ಡಿ ಇದೆ. ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರಬೇಕಾಗಿಲ್ಲ, ಎಡಗೈಯವರಿಗೂ ಅಷ್ಟೇ ಸಲೀಸು. ಬೆರಳು ಹೊಲಿಸಿಕೊಂಡವನಾಗಿ ಈ ಏರ್ಪಾಟಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಹಿಡಿ ತೆಳುವಾಗಿರುವುದರಿಂದ ಗಂಟೆಗಟ್ಟಲೆ ಕೆತ್ತುವ ಕೆಲಸಕ್ಕೆ ನಾನು ಇದನ್ನು ಎತ್ತಿಕೊಳ್ಳುವುದಿಲ್ಲ, ಮತ್ತು ಉಳಿದೆರಡಕ್ಕೆ ಹೋಲಿಸಿದರೆ ಇದು ಬಹಳ ದುಬಾರಿ.

ಕ್ಯಾಡೆಟ್‌ನಲ್ಲಿ ಲಾಕ್ ಇಲ್ಲ, ಅಲಗನ್ನು ಬೆನ್ನಿನ ಸ್ಪ್ರಿಂಗ್ ಒಂದೇ ಹಿಡಿದಿಡುತ್ತದೆ. ಆದ್ದರಿಂದ ಮೊನೆಯಿಂದ ಚುಚ್ಚುವ ಕೆಲಸಕ್ಕೆ ಇದು ಸಲ್ಲದು, ಎಳೆದು ಕೊಯ್ಯುವುದಕ್ಕೆ ಏನೂ ಕೊರತೆಯಿಲ್ಲ. ಮಡಚಿದಾಗ 84 ಮಿಲಿಮೀಟರ್ ಉದ್ದ, ಚಪ್ಪಟೆಯಾದ ಅಲ್ಯೂಮಿನಿಯಂ ಮೈ, ಜೊತೆಗೆ ಡಬ್ಬಿ ತೆರೆಯುವ, ಬಾಟಲಿ ತೆರೆಯುವ ಉಪಕರಣಗಳು. ಕಚೇರಿಯ ಮೇಜಿನ ಮೇಲೆ ತೆರೆದಿಟ್ಟರೂ ಪಕ್ಕದವರು ಬೆಚ್ಚುವುದಿಲ್ಲ ಎಂಬುದು ಸಣ್ಣ ಗುಣವೇನಲ್ಲ.

ಉಕ್ಕಿನ ಹೆಸರುಗಳ ಬಗ್ಗೆ ಕೊಳ್ಳುವವರು ಬಹಳ ತಲೆಕೆಡಿಸಿಕೊಳ್ಳುತ್ತಾರೆ. ಬಗ್‌ಔಟ್‌ಗೆ ಹಾಕುವ ಎಸ್30ವಿ ಉಕ್ಕಿನಲ್ಲಿ ವನೇಡಿಯಂ ಎಂಬ ಲೋಹ ಸುಮಾರು ನಾಲ್ಕು ಶೇಕಡಾ ಇರುವುದರಿಂದ ಹರಿತ ಬಹುಕಾಲ ನಿಲ್ಲುತ್ತದೆ, ಆದರೆ ಮೊಂಡಾದ ಮೇಲೆ ಮಾಮೂಲಿ ಸಾಣೆಕಲ್ಲಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ, ವಜ್ರದ ಪುಡಿ ಲೇಪಿಸಿದ ಸಾಣೆ ಬೇಕಾಗುತ್ತದೆ. ವಿಕ್ಟೋರಿನಾಕ್ಸ್ ಉಕ್ಕು ಮೆದು. ಬೇಗ ಮೊಂಡಾಗುತ್ತದೆ, ಐದೇ ನಿಮಿಷದಲ್ಲಿ ಮತ್ತೆ ಹರಿತವಾಗುತ್ತದೆ. ಒಪಿನೆಲ್ ಎರಡು ಬಗೆಯ ಉಕ್ಕಿನಲ್ಲಿ ಸಿಗುತ್ತದೆ: ಕಾರ್ಬನ್ ಉಕ್ಕು ಹುಳಿ ಹಣ್ಣು ಕೊಯ್ದ ದಿನವೇ ಬೂದುಬಣ್ಣಕ್ಕೆ ತಿರುಗುತ್ತದೆ, ಒರೆಸದೆ ಮಡಚಿಟ್ಟರೆ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಬಗೆಗೆ ಆ ಚಿಂತೆ ಅಷ್ಟಿಲ್ಲ. ಸಾಣೆ ಹಿಡಿಯುವ ಅಭ್ಯಾಸವಿಲ್ಲದವರು ದುಬಾರಿ ಉಕ್ಕನ್ನು ಕೊಂಡು ವರ್ಷವಿಡೀ ಮೊಂಡು ಚಾಕು ಹೊತ್ತು ತಿರುಗುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಕೊಳ್ಳುವ ಮೊದಲು ತಾವಿರುವ ದೇಶದ ಕಾನೂನನ್ನೂ ಓದಿಕೊಳ್ಳಬೇಕು. ಉದಾಹರಣೆಗೆ ಬ್ರಿಟನ್ನಿನಲ್ಲಿ ಲಾಕ್ ಇಲ್ಲದ, ಕೊಯ್ಯುವ ಅಂಚು ಮೂರು ಇಂಚು ಮೀರದ ಮಡಚುವ ಚಾಕುವನ್ನು ಕಾರಣ ಕೊಡದೆಯೂ ಜೊತೆಯಲ್ಲಿ ಒಯ್ಯಬಹುದು. ಲಾಕ್ ಇರುವ ಚಾಕುವಿಗೆ ಆ ವಿನಾಯಿತಿ ಇಲ್ಲ. ಅಲ್ಲಿ ಕ್ಯಾಡೆಟ್ ನಿರಾತಂಕ, ಉಳಿದೆರಡಕ್ಕೆ ತಕ್ಕ ಕಾರಣ ಬೇಕು. ವಿಮಾನ ಏರುವವರಂತೂ ಚಾಕುವನ್ನು ಕೈಚೀಲದಲ್ಲಿ ಇಡಲೇಬಾರದು.

ಒಂದೇ ಒಂದನ್ನು ಇಟ್ಟುಕೊಳ್ಳಬೇಕೆಂದರೆ ನಾನು ಸ್ಟೇನ್‌ಲೆಸ್ ಅಲಗಿನ ಒಪಿನೆಲ್ ಅನ್ನೇ ಆರಿಸುತ್ತೇನೆ, ಏಕೆಂದರೆ ಅದರಲ್ಲಿ ಇಳಿಸಿರುವ ತೂಕದಲ್ಲಿ ನನ್ನ ಕೈಗೆ ಬೇಕಾದದ್ದು ಯಾವುದೂ ಹೋಗಿಲ್ಲ. ಹೊಸತನ್ನು ತಂದ ದಿನ ಹಿಡಿಗೆ ಅಗಸೆ ಎಣ್ಣೆ ಸವರಿ ರಾತ್ರಿಯಿಡೀ ಒಣಗಲು ಬಿಡುತ್ತೇನೆ, ತಿಂಗಳಿಗೊಮ್ಮೆ ಸೀಳಿನಲ್ಲಿ ಸೇರಿದ ಜೇಬಿನ ನೂಲುದೂಳನ್ನು ಹಲ್ಲುಕಡ್ಡಿಯಿಂದ ತೆಗೆಯುತ್ತೇನೆ. ಉಂಗುರವನ್ನು ತಿರುಗಿಸದೆ ಮಾತ್ರ ಒಂದು ದಾರವನ್ನೂ ಕೊಯ್ಯುವುದಿಲ್ಲ.